ವಾಸ್ಪ್ಸ್ ನೆಸ್ಟ್ ಮತ್ತು ನಾಕ್ಟನ್ನಿನ ಆಲೂಗಡ್ಡೆ ರೈಲು: ಪದೇ ಪದೇ ಕೇಳುವ ಪ್ರಶ್ನೆಗಳು

ವಾಸ್ಪ್ಸ್ ನೆಸ್ಟ್ ಎಲ್ಲಿದೆ? ಅದನ್ನು ಊರು ಎನ್ನಬಹುದೇ?

ಇಂಗ್ಲೆಂಡಿನ ಪೂರ್ವ ಭಾಗದಲ್ಲಿರುವ ಲಿಂಕನ್‌ಶೈರ್ ಕೌಂಟಿಯಲ್ಲಿ, ಲಿಂಕನ್ ನಗರದಿಂದ ಆಗ್ನೇಯ ದಿಕ್ಕಿಗೆ ಏಳೆಂಟು ಮೈಲಿ ದೂರದಲ್ಲಿ ನಾಕ್ಟನ್ ಎಂಬ ಹಳ್ಳಿಯಿದೆ. ಅಲ್ಲಿಂದ ಪೂರ್ವಕ್ಕೆ ಒಂದೂವರೆ ಮೈಲಿಯಷ್ಟು ಇಳಿದು ಬಂದರೆ ಸುಣ್ಣಕಲ್ಲಿನ ದಿಣ್ಣೆ ಮುಗಿದು, ವಿದಮ್ ನದಿಯವರೆಗೂ ಹರಡಿಕೊಂಡಿರುವ ಸಪಾಟಾದ ತಗ್ಗು ನೆಲ ಕಾಣಿಸುತ್ತದೆ. ಆ ಅಂಚಿನಲ್ಲಿರುವ ಕೆಲವೇ ಮನೆಗಳ ಗುಂಪೇ ವಾಸ್ಪ್ಸ್ ನೆಸ್ಟ್. ನಮ್ಮ ಕಂದಾಯ ದಾಖಲೆಗಳ ಮಾತಿನಲ್ಲಿ ಹೇಳುವುದಾದರೆ ಅದು ನಾಕ್ಟನ್ನಿನ ಒಂದು ಮಜರೆ. ನಕ್ಷೆಯಲ್ಲಿ ಹೆಸರು ಇರುವಷ್ಟು ದೊಡ್ಡದು, ಹುಡುಕದೆ ಕಣ್ಣಿಗೆ ಬೀಳದಷ್ಟು ಚಿಕ್ಕದು.

ಹೆಸರಿನ ಅರ್ಥವೇನು?

ಕಣಜದ ಗೂಡು. ಕನ್ನಡದಲ್ಲಿ ಕಣಜವೆಂದರೆ ಕಚ್ಚುವ ಹುಳುವೂ ಹೌದು, ಕಾಳು ತುಂಬಿಡುವ ಉಗ್ರಾಣವೂ ಹೌದು. ಸುತ್ತಲಿನ ಹೊಲಗಳಲ್ಲಿ ಬೆಳೆದದ್ದನ್ನು ನೆನೆದರೆ ಎರಡನೆಯ ಅರ್ಥವೇ ಈ ಜಾಗಕ್ಕೆ ಹೆಚ್ಚು ಒಪ್ಪುತ್ತದೆ. ಆದರೆ ಈ ಶ್ಲೇಷೆಯ ಸುಖ ಕನ್ನಡ ಬಲ್ಲವರಿಗೆ ಮಾತ್ರ. ಗೊಂದಲ ಬೇಡವೆಂದು ಇಲ್ಲಿ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಳ್ಳಲಾಗಿದೆ.

‘ಫೆನ್’ ಎಂದರೆ ಎಂಥ ನೆಲ?

ಫೆನ್ ಎಂದರೆ ಮೂಲತಃ ಜೌಗು ಪ್ರದೇಶ. ನೀರಿನಲ್ಲಿ ಬಿದ್ದ ಜೊಂಡು, ಹುಲ್ಲು, ಗಿಡಗಂಟಿಗಳು ಪೂರ್ತಿ ಕೊಳೆಯಲಾರದೆ ಸಾವಿರಾರು ವರ್ಷ ಪದರ ಪದರವಾಗಿ ಕೂತು ಪೀಟ್ ಎಂಬ ಕಪ್ಪು ಮಣ್ಣಾಗಿವೆ. ನೀರನ್ನು ಬಸಿದು ಹೊರಹಾಕಿದರೆ ಈ ಮಣ್ಣು ಇಂಗ್ಲೆಂಡಿನಲ್ಲೇ ಅತ್ಯಂತ ಫಲವತ್ತಾದ ನೆಲಗಳಲ್ಲಿ ಒಂದಾಗುತ್ತದೆ. ಬಸಿಯುವ ಕೆಲಸವನ್ನು ಮೊದಲು ಗಾಳಿಯಂತ್ರಗಳು, ಆಮೇಲೆ ಉಗಿಯಂತ್ರಗಳು, ಅನಂತರ ಡೀಸೆಲ್ ಮತ್ತು ವಿದ್ಯುತ್ ಪಂಪುಗಳು ಮಾಡುತ್ತ ಬಂದಿವೆ. ಪಂಪು ನಿಂತರೆ ನೀರು ಮರಳಿ ಬರುತ್ತದೆ. ಇದನ್ನು ಅತಿಶಯೋಕ್ತಿ ಎಂದುಕೊಳ್ಳಬಾರದು, ಏಕೆಂದರೆ ಇಲ್ಲಿನ ಎಷ್ಟೋ ಹೊಲಗಳು ಪಕ್ಕದಲ್ಲಿ ಹರಿಯುವ ನದಿಯ ಮಟ್ಟಕ್ಕಿಂತ ಕೆಳಗಿವೆ.

ನೀರು ಹೋದ ಮೇಲೆ ಪೀಟ್ ಕುಗ್ಗುತ್ತದೆ, ಒಣಗಿ ಗಾಳಿಗೆ ಹಾರಿಯೂ ಹೋಗುತ್ತದೆ. ಎಷ್ಟು ಕುಗ್ಗುತ್ತದೆಂಬುದಕ್ಕೆ ಎಲ್ಲರೂ ಕೊಡುವ ಸಾಕ್ಷಿ ದಕ್ಷಿಣದ ಕೇಂಬ್ರಿಡ್ಜ್‌ಶೈರಿನಲ್ಲಿರುವ ಹೋಮ್ ಪೋಸ್ಟ್. 1851ರ ಹೊತ್ತಿಗೆ ಅಲ್ಲಿನ ದೊಡ್ಡ ಕೆರೆಯೊಂದನ್ನು ಬತ್ತಿಸಿದಾಗ, ತುದಿ ನೆಲಕ್ಕೆ ಸಮವಾಗಿರುವಂತೆ ಒಂದು ಕಬ್ಬಿಣದ ಕಂಬವನ್ನು ಹೂಳಿದರು. ಇಂದು ಆ ತುದಿ ನೆಲದಿಂದ ಸುಮಾರು 4 ಮೀಟರ್ ಎತ್ತರದಲ್ಲಿದೆ. ಕಂಬ ಮೇಲೆದ್ದಿಲ್ಲ, ನೆಲ ಕೆಳಗಿಳಿದಿದೆ. ಇಂಥ ನೆಲದ ಮೇಲೆ ಗಟ್ಟಿ ರಸ್ತೆ ಹಾಕುವುದೆಂದರೆ ಏನೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಉತ್ತರಗಳಲ್ಲಿ ಅರ್ಧ ಆಗಲೇ ತಿಳಿದಂತೆ.

ಈ ನೆಲ ಯಾರದಾಗಿತ್ತು? ಕರ್ನಾಟಕದ ಚರಿತ್ರೆಗೂ ಅದಕ್ಕೂ ನಂಟಿದೆಯೆಂಬುದು ನಿಜವೇ?

ನಿಜ, ಆ ನಂಟು ಮಾಲೀಕನ ಮೂಲಕ ಬಂದದ್ದು. ನಾಕ್ಟನ್ ಎಸ್ಟೇಟು 19ನೆಯ ಶತಮಾನದಲ್ಲಿ ರಾಬಿನ್ಸನ್ ಮನೆತನದ ಕೈಯಲ್ಲಿತ್ತು. 1827ರಿಂದ 1828ರವರೆಗೆ ಕೆಲವೇ ತಿಂಗಳು ಬ್ರಿಟನ್ನಿನ ಪ್ರಧಾನಿಯಾಗಿದ್ದ ಫ್ರೆಡರಿಕ್ ರಾಬಿನ್ಸನ್, ಅಂದರೆ ಗೋಡ್ರಿಚ್ ಪ್ರಭು, ಹೆಂಡತಿಯ ಕಡೆಯಿಂದ ಇದರ ಒಡೆಯರಾದರು. 1834ರಲ್ಲಿ ಸುಟ್ಟುಹೋದ ನಾಕ್ಟನ್ ಹಾಲ್ ಎಂಬ ಬಂಗಲೆಯನ್ನು ಮತ್ತೆ ಕಟ್ಟಿಸಿದವರೂ ಅವರೇ. 1859ರಲ್ಲಿ ಅವರು ತೀರಿಕೊಂಡ ಮೇಲೆ ಎಸ್ಟೇಟು ಮಗ ಜಾರ್ಜ್ ರಾಬಿನ್ಸನ್ ಅವರ ಪಾಲಿಗೆ ಬಂತು. ಈತನೇ 1880ರಿಂದ 1884ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ರಿಪನ್.

ಸ್ಥಳೀಯ ಸ್ವಯಮಾಡಳಿತದ 1882ರ ನಿರ್ಣಯಕ್ಕಾಗಿ, ದೇಶಭಾಷಾ ಪತ್ರಿಕೆಗಳ ಕಾಯ್ದೆಯನ್ನು ರದ್ದುಪಡಿಸಿದ್ದಕ್ಕಾಗಿ ರಿಪನ್ ಹೆಸರನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಮೈಸೂರಿನ ಆಳ್ವಿಕೆ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದು 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಮರಳಿದ್ದೂ ಇದೇ ವೈಸರಾಯ್ ಕಾಲದಲ್ಲಿ. ಆ ದಿನ ಮೈಸೂರಿನಲ್ಲಿ ಪಟ್ಟಾಭಿಷೇಕ ನಡೆಯುತ್ತಿದ್ದಾಗ ನಾಕ್ಟನ್ನಿನ ಫೆನ್ ಹೊಲಗಳೂ ರಿಪನ್ನರ ಸ್ವತ್ತೇ ಆಗಿದ್ದವು. ಆದರೆ ರೈಲಿಗೂ ಅವರಿಗೂ ಸಂಬಂಧವಿಲ್ಲ. ಅವರು 1889ರಲ್ಲೇ ಎಸ್ಟೇಟನ್ನು ಬ್ರಾಡ್‌ಫರ್ಡಿನ ಮಗ್ಗ ತಯಾರಕ ಜಾರ್ಜ್ ಹಾಡ್ಜ್‌ಸನ್ ಅವರಿಗೆ ಮಾರಿದರು. ರೈಲು ಬಂದದ್ದು ಅದಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಹಾಗಾದರೆ ರೈಲನ್ನು ತಂದವರು ಯಾರು?

ಆಲೂಗಡ್ಡೆ ಬೆಳೆಗಾರರಾದ ಡೆನಿಸ್ ಕುಟುಂಬದವರು. ಲಿಂಕನ್‌ಶೈರಿನ ದಕ್ಷಿಣ ಭಾಗದ ಕರ್ಟನ್ ಎಂಬ ಊರಿನ ವಿಲಿಯಂ ಡೆನಿಸ್ ಬಡತನದಿಂದ ಮೇಲೆ ಬಂದು ‘ಆಲೂಗಡ್ಡೆ ರಾಜ’ ಎನಿಸಿಕೊಂಡವರು. ಆ ಊರಿನಲ್ಲಿ ಅವರ ಪ್ರತಿಮೆ ಇಂದಿಗೂ ನಿಂತಿದೆ. ಅವರ ಕುಟುಂಬದ ಸಂಸ್ಥೆ 1919ರಲ್ಲಿ ನಾಕ್ಟನ್ ಎಸ್ಟೇಟನ್ನು ಕೊಂಡಿತು. ವಿಸ್ತಾರ ಸುಮಾರು 8,000 ಎಕರೆ. ಶ್ರೀಮಂತರು ಬೇಟೆಗೆಂದು, ಗೇಣಿಗೆಂದು ಇಟ್ಟುಕೊಂಡಿದ್ದ ಜಮೀನು ಹೀಗೆ ವ್ಯಾಪಾರಕ್ಕಾಗಿಯೇ ಬೆಳೆ ತೆಗೆಯುವವರ ಕೈಗೆ ಬಂತು. ಫೆನ್ ಭಾಗದ ದೊಡ್ಡ ದೊಡ್ಡ ಹೊಲಗಳಿಗೆ ಹೊಸ ಒಡೆಯರು ಆಲೂಗಡ್ಡೆ ಹಾಕಿಸಿದರು. 1920ರ ದಶಕದ ನಡುವಿನಲ್ಲಿ ಅದನ್ನು ಹೊರಸಾಗಿಸಲು ತಮ್ಮದೇ ಕಿರು ರೈಲನ್ನು ಹಾಕಿಸಿದರು.

ಹೊಲಕ್ಕೆ ರೈಲು ಯಾಕೆ ಬೇಕಾಯಿತು? ಎತ್ತು, ಕುದುರೆ ಗಾಡಿಗಳು ಸಾಲುತ್ತಿರಲಿಲ್ಲವೇ?

ಈ ಎಲ್ಲ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. ಇದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಮಣ್ಣಿನಲ್ಲಿ ಮತ್ತು ಋತುಮಾನದಲ್ಲಿದೆ.

ಗೋಧಿಯನ್ನು ಬೇಸಿಗೆ ಕೊನೆಯಲ್ಲಿ, ನೆಲ ಒಣಗಿರುವಾಗ ಕೊಯ್ದು ಸಾಗಿಸಿಬಿಡಬಹುದು. ಆಲೂಗಡ್ಡೆ ಹಾಗಲ್ಲ. ಅದನ್ನು ಅಗೆಯುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಮಳೆ ಹಿಡಿಯುವ ಹೊತ್ತಿಗೆ. ಅಗೆದದ್ದನ್ನೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಸುರಿದರೆ ಬೆಲೆ ಸಿಗುವುದಿಲ್ಲವಾದ್ದರಿಂದ ಅಂದಿನ ರೈತರು ಹೊಲದ ಬದುವಿನಲ್ಲೇ ಉದ್ದನೆಯ ರಾಶಿ ಹಾಕಿ, ಮೇಲೆ ದಪ್ಪಗೆ ಹುಲ್ಲು ಹೊದಿಸಿ, ಹುಲ್ಲಿನ ಮೇಲೆ ಮಣ್ಣು ಮುಚ್ಚಿ, ಹಿಮ ತಾಗದಂತೆ ಕಾಪಾಡುತ್ತಿದ್ದರು. ನಮ್ಮ ಹಗೇವು ನೆಲದೊಳಗಿನದು, ಇದು ನೆಲದ ಮೇಲಿನದು, ಉದ್ದೇಶ ಒಂದೇ. ಲಿಂಕನ್‌ಶೈರಿನ ಜನ ಇದನ್ನು ‘ಗ್ರೇವ್’ ಎನ್ನುತ್ತಿದ್ದರು, ಅಂದರೆ ಗೋರಿ. ದೂರದಿಂದ ನೋಡಿದರೆ ಅದು ಹಾಗೆಯೇ ಕಾಣುತ್ತಿತ್ತು. ಚಳಿಗಾಲದುದ್ದಕ್ಕೂ ಬೆಲೆ ನೋಡಿಕೊಂಡು ಒಂದೊಂದೇ ಗೋರಿಯನ್ನು ಬಿಚ್ಚಿ, ಗೆಡ್ಡೆಗಳನ್ನು ಜರಡಿಗೆ ಹಾಕಿ ಗಾತ್ರ ನೋಡಿ ಬೇರ್ಪಡಿಸಿ, ಕೊಳೆತದ್ದನ್ನು ಆರಿಸಿ ಎಸೆದು, ಚೀಲ ಕಟ್ಟುತ್ತಿದ್ದರು.

ಹೀಗಾಗಿ ನಿಜವಾದ ಸಾಗಣೆ ನಡೆಯಬೇಕಾಗಿದ್ದು ನವೆಂಬರಿನಿಂದ ಮಾರ್ಚಿನವರೆಗೆ, ಅಂದರೆ ಫೆನ್ ನೆಲದಲ್ಲಿ ಗಾಲಿ ಉರುಳಲಾರದ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗಾಲಿಗೆ ಮೆತ್ತಿದ ಮಣ್ಣೇ ಗಾಡಿಗಿಂತ ಭಾರವಾಗುತ್ತದೆ. ಪೀಟ್ ನೆಲದಲ್ಲಿ ಮೆತ್ತುವುದಕ್ಕಿಂತ ಹೂತುಹೋಗುವ ಭಯ ಹೆಚ್ಚು. ಲೆಕ್ಕವನ್ನೂ ಒಮ್ಮೆ ನೋಡಬೇಕು. ಅಂದಿನ ಕಾಲಕ್ಕೆ ಎಕರೆಗೆ ಆರು ಟನ್ ಇಳುವರಿ ಬಂದರೆ, ಚೀಲವೊಂದಕ್ಕೆ ಒಂದು ಹಂಡ್ರೆಡ್‌ವೇಟ್, ಎಂದರೆ ಸುಮಾರು 51 ಕಿಲೋ ತುಂಬಿದರೂ ಎಕರೆಗೆ 120 ಚೀಲ. ನೂರು ಎಕರೆಯ ಒಂದು ಹೊಲಕ್ಕೆ 12,000 ಚೀಲ. ಅದನ್ನೆಲ್ಲ ನಾಲ್ಕೈದು ಮೈಲಿ ಕೆಸರಿನಲ್ಲಿ ದಾಟಿಸಿ, ದಿಣ್ಣೆ ಏರಿಸಿ, ರೈಲು ನಿಲ್ದಾಣಕ್ಕೆ ಮುಟ್ಟಿಸಬೇಕು.

ಹಳಿ ಈ ಕಷ್ಟವನ್ನು ಬಗೆಹರಿಸಿದ ರೀತಿ ಸರಳವಾದದ್ದು. ಗಾಡಿಯ ಭಾರ ಎರಡೇ ಗಾಲಿಗಳ ಕೆಳಗಿನ ಅಂಗೈ ಅಗಲದ ಮಣ್ಣಿನ ಮೇಲೆ ಬೀಳುತ್ತದೆ. ರೈಲು ಬಂಡಿಯ ಭಾರ ಹಳಿಗಳ ಮೂಲಕ ಅವುಗಳ ಕೆಳಗಿನ ಅಡ್ಡಪಟ್ಟಿಗಳಾದ ಹಲವು ಸ್ಲೀಪರುಗಳಿಗೆ ಹಂಚಿಹೋಗುತ್ತದೆ. ಅದೇ ಕುದುರೆ, ಅದೇ ಎಂಜಿನ್ ಹಳಿಯ ಮೇಲೆ ಹಲವು ಪಟ್ಟು ಹೆಚ್ಚು ಭಾರವನ್ನು ಎಳೆಯುತ್ತದೆ. ನೆಲ ಕುಗ್ಗಿದರೆ ಹಳಿಯನ್ನು ಎತ್ತಿ ಕೆಳಗೆ ಮಣ್ಣು ತುಂಬಿದರಾಯಿತು. ಕುಗ್ಗಿದ ರಸ್ತೆಯನ್ನು ಹಾಗೆ ಎತ್ತಲು ಬರುವುದಿಲ್ಲ.

ಹಳಿ, ಬಂಡಿ, ಎಂಜಿನ್‌ಗಳು ಎಲ್ಲಿಂದ ಬಂದವು?

ಮೊದಲ ಮಹಾಯುದ್ಧದಿಂದ ಬಂದವು. ಫ್ರಾನ್ಸಿನ ಕಂದಕಗಳ ಹಿಂದೆ, ಗುಂಡುಗಳಿಂದ ಉತ್ತು ಕೆಸರುಗದ್ದೆಯಾಗಿದ್ದ ನೆಲದಲ್ಲಿ ಮದ್ದುಗುಂಡು, ನೀರು, ಊಟ ಸಾಗಿಸಲು ಬ್ರಿಟಿಷ್ ಸೈನ್ಯ 60 ಸೆಂಟಿಮೀಟರ್ ಅಗಲದ ಕಿರು ಹಳಿಗಳ ದೊಡ್ಡ ಜಾಲವನ್ನೇ ಹಾಸಿತ್ತು. 1918ರಲ್ಲಿ ಯುದ್ಧ ಮುಗಿದಾಗ ಆ ಸಾಮಾನೆಲ್ಲ ಅಗ್ಗಕ್ಕೆ ಮಾರಾಟಕ್ಕೆ ಬಂತು. ಲಿಂಕನ್‌ಶೈರಿನ ಆಲೂಗಡ್ಡೆ ಬೆಳೆಗಾರರು ಅದನ್ನು ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಅವರ ಸಮಸ್ಯೆಯೂ ಸೈನ್ಯದ ಸಮಸ್ಯೆಯೂ ಒಂದೇ ಆಗಿತ್ತು: ರಸ್ತೆಯಿಲ್ಲದ ಕೆಸರಿನಲ್ಲಿ ಭಾರ ಸಾಗಿಸುವುದು.

ಈ ಹಳಿಯ ತೂಕ ಮೀಟರಿಗೆ ಸುಮಾರು 10 ಕಿಲೋ. ಸ್ಲೀಪರುಗಳಿಗೆ ಮೊದಲೇ ಜೋಡಿಸಿದ ತುಂಡುಗಳಾಗಿ ಬರುತ್ತಿದ್ದುದರಿಂದ ಕೆಲವು ಆಳುಗಳು ಸೇರಿ ಒಂದೊಂದು ತುಂಡನ್ನು ಎತ್ತಿ ತಂದು, ನೆಲದ ಮೇಲಿಟ್ಟು, ತುದಿಗೆ ತುದಿ ಬೋಲ್ಟು ಹಾಕಿ ಬಿಗಿದುಬಿಡುತ್ತಿದ್ದರು. ಎಂಜಿನಿಯರ್ ಇಲ್ಲದೆಯೇ ಸಾಲು ಮುಂದಕ್ಕೆ ಬೆಳೆಯುತ್ತಿತ್ತು. ಈ ಹೊಲದ ಕೆಲಸ ಮುಗಿದರೆ ಕವಲು ಸಾಲನ್ನು ಕಿತ್ತು ಮುಂದಿನ ಹೊಲಕ್ಕೆ ಹಾಕಿಕೊಳ್ಳಬಹುದಿತ್ತು.

ಬಂಡಿಗಳೂ ಯುದ್ಧದವೇ. ಅವುಗಳಲ್ಲಿ ದೊಡ್ಡದಾದ ಡಿ ವರ್ಗದ ಬಂಡಿಗೆ ಎರಡು ಕಡೆಯೂ ನಾಲ್ಕು ನಾಲ್ಕು ಗಾಲಿ, ಹೊರುವ ಶಕ್ತಿ ಹತ್ತು ಟನ್ನಿನಷ್ಟು. ಫಿರಂಗಿ ಗುಂಡು ಹೊತ್ತ ಬಂಡಿಯಲ್ಲಿ ಇನ್ನೂರು ಚೀಲ ಆಲೂಗಡ್ಡೆ.

ರೈಲಿನ ದಾರಿ ಹೇಗಿತ್ತು? ವಾಸ್ಪ್ಸ್ ನೆಸ್ಟ್‌ಗೆ ಅದರಲ್ಲಿ ಏನು ಪಾತ್ರ?

ಪಶ್ಚಿಮದ ತುದಿ ನಾಕ್ಟನ್ ಮತ್ತು ಡನ್ಸ್‌ಟನ್ ನಿಲ್ದಾಣ. ಲಿಂಕನ್‌ನಿಂದ ಸ್ಲೀಫರ್ಡಿಗೆ ಹೋಗುವ, 1882ರಲ್ಲಿ ತೆರೆದ ದೊಡ್ಡ ರೈಲು ಮಾರ್ಗದಲ್ಲಿ ಆ ನಿಲ್ದಾಣವಿತ್ತು. ಕಿರು ಹಳಿಯ ಅಗಲ 60 ಸೆಂಟಿಮೀಟರ್, ದೊಡ್ಡ ಹಳಿಯದು 1,435 ಮಿಲಿಮೀಟರ್ ಆದ್ದರಿಂದ ಬಂಡಿಗಳು ಒಂದರಿಂದ ಇನ್ನೊಂದಕ್ಕೆ ಹೋಗುವಂತಿರಲಿಲ್ಲ; ಪ್ರತಿ ಚೀಲವನ್ನೂ ಅಲ್ಲಿ ಹೆಗಲ ಮೇಲೆ ಹೊತ್ತು ದಾಟಿಸಬೇಕಿತ್ತು. ನಿಲ್ದಾಣದಿಂದ ಸಾಲು ನಾಕ್ಟನ್ ಹಾದು ಪೂರ್ವಕ್ಕೆ ಇಳಿದು, ವಾಸ್ಪ್ಸ್ ನೆಸ್ಟ್ ಕಡೆಯಿಂದ ಫೆನ್ ಹೊಲಗಳಿಗೆ ಕವಲೊಡೆಯುತ್ತಿತ್ತು. ಬೆಳೆದು ನಿಂತ ಕಾಲಕ್ಕೆ ಎಲ್ಲ ಕವಲುಗಳನ್ನೂ ಸೇರಿಸಿ ಉದ್ದ 20 ಮೈಲಿಗೂ ಹೆಚ್ಚಾಗಿತ್ತು.

ಹೀಗೆ ಈ ಮಜರೆ ದಿಣ್ಣೆಗೂ ತಗ್ಗಿಗೂ ನಡುವಿನ ಬಾಗಿಲಿನಂತಿತ್ತು. ಇದೇ ಅಂಚಿನ ಉದ್ದಕ್ಕೂ ರೋಮನ್ನರ ಕಾಲದ್ದೆಂದು ಒಪ್ಪಿಕೊಳ್ಳಲಾಗಿರುವ ಕಾರ್ ಡೈಕ್ ಎಂಬ ಪುರಾತನ ಕಾಲುವೆಯೂ ಹಾದುಹೋಗುತ್ತದೆ. ಪೀಟರ್‌ಬರೋ ಕಡೆಯಿಂದ ಲಿಂಕನ್‌ವರೆಗಿನ ಆ ಕಾಲುವೆ ದೋಣಿ ಸಾಗಲೆಂದು ತೋಡಿದ್ದೇ, ದಿಣ್ಣೆಯಿಂದ ಹರಿದು ಬರುವ ನೀರನ್ನು ತಡೆಯಲೆಂದು ತೋಡಿದ್ದೇ ಎಂಬ ವಾದ ಪುರಾತತ್ತ್ವಜ್ಞರಲ್ಲಿ ಇನ್ನೂ ಮುಗಿದಿಲ್ಲ. ಏನೇ ಆದರೂ, ಒಣನೆಲ ಮತ್ತು ಜೌಗಿನ ನಡುವಿನ ಗೆರೆ ಎಲ್ಲಿದೆಯೆಂದು ರೋಮನ್ನರೂ ಆಲೂಗಡ್ಡೆ ವ್ಯಾಪಾರಿಗಳೂ ಒಂದೇ ಜಾಗವನ್ನು ತೋರಿಸಿದ್ದಾರೆ.

ಭಾರ ತುಂಬಿದ ರೈಲು ಯಾವಾಗಲೂ ತಗ್ಗಿನಿಂದ ದಿಣ್ಣೆಗೆ ಏರಬೇಕಾಗುತ್ತಿತ್ತು ಎಂಬುದನ್ನೂ ಇಲ್ಲಿ ಗಮನಿಸಬೇಕು. ಗಣಿ ರೈಲುಗಳಲ್ಲಿ ಸಾಮಾನ್ಯವಾಗಿ ಭಾರ ಇಳಿಜಾರಿನಲ್ಲಿ ಬರುತ್ತದೆ. ಫೆನ್ ರೈಲಿಗೆ ಆ ಅನುಕೂಲ ಇರಲಿಲ್ಲ.

ಎಂಜಿನ್ ಹೇಗಿತ್ತು? ಹೊಗೆಬಂಡಿಯೇ?

ಇಲ್ಲಿ ಹೆಚ್ಚಿನ ಕೆಲಸ ಮಾಡಿದ್ದು ಪೆಟ್ರೋಲಿನಿಂದ ಓಡುವ ಸಿಂಪ್ಲೆಕ್ಸ್ ಎಂಜಿನ್‌ಗಳು. ಇವನ್ನು ಮೋಟಾರ್ ರೈಲ್ ಎಂಬ ಕಂಪನಿ ಬೆಡ್‌ಫರ್ಡಿನಲ್ಲಿ ತಯಾರಿಸುತ್ತಿತ್ತು. ಶತ್ರುವಿನ ಕಣ್ಣಳತೆಯಲ್ಲಿ ಉಗಿ ಎಂಜಿನ್ನಿನ ಹೊಗೆ ಹಗಲಿನಲ್ಲಿ, ಅದರ ಕುಲುಮೆಯ ಬೆಳಕು ರಾತ್ರಿಯಲ್ಲಿ ಗುಟ್ಟು ಬಿಟ್ಟುಕೊಡುತ್ತಿದ್ದುದರಿಂದ ಸೈನ್ಯ ಇವನ್ನು ಮಾಡಿಸಿತ್ತು. 20 ಅಶ್ವಶಕ್ತಿಯದೊಂದು, 40 ಅಶ್ವಶಕ್ತಿಯದೊಂದು, ಹೀಗೆ ಎರಡು ಬಗೆ. ದೊಡ್ಡದರಲ್ಲಿ ಕೆಲವಕ್ಕೆ ಉಕ್ಕಿನ ಕವಚವನ್ನೂ ತೊಡಿಸಿದ್ದರು.

ಹತ್ತಿರದಿಂದ ನೋಡಿದರೆ ಇದು ರೈಲು ಎಂಜಿನ್ನಿಗಿಂತ ನಾಲ್ಕು ಗಾಲಿಯ ಕಬ್ಬಿಣದ ಪೆಟ್ಟಿಗೆಯಂತೆ ಕಾಣುತ್ತದೆ. ಚಾಲಕ ಮುಂದಕ್ಕೆ ಮುಖ ಮಾಡಿ ಕೂರುವುದಿಲ್ಲ, ಅಡ್ಡಡ್ಡ ಕೂರುತ್ತಾನೆ. ಬಲಕ್ಕೆ ಕತ್ತು ತಿರುಗಿಸಿದರೆ ಒಂದು ದಿಕ್ಕು, ಎಡಕ್ಕೆ ತಿರುಗಿಸಿದರೆ ಇನ್ನೊಂದು. ಗೇರ್ ಪೆಟ್ಟಿಗೆಯೂ ಎರಡೂ ದಿಕ್ಕಿಗೆ ಒಂದೇ ವೇಗ ಕೊಡುವಂಥದ್ದು. ಹೊಲದ ಕೊನೆಗೆ ಹೋಗಿ ಎಂಜಿನ್ ತಿರುಗಿಸಲು ಜಾಗವೇ ಇರದ ಕಡೆ ಇದರಷ್ಟು ಹೊಂದುವ ಏರ್ಪಾಡು ಬೇರೆಯಿಲ್ಲ. ಬೆಳಗ್ಗೆ ಕಬ್ಬಿಣದ ಹಿಡಿಕೆ ಹಾಕಿ ಕೈಯಿಂದ ತಿರುಗಿಸಿ ಎಂಜಿನ್ ಶುರು ಮಾಡಬೇಕು. ಬ್ರೇಕ್ ಹಾಕುವುದೂ ಕೈಚಕ್ರದಿಂದಲೇ. ಹಳಿಯ ಮೇಲೆ ಗಾಲಿ ಜಾರದಿರಲೆಂದು ಚೌಕಟ್ಟಿಗೆ ಎರಕದ ಕಬ್ಬಿಣದ ದಿಮ್ಮಿಗಳನ್ನು ಹೇರಿರುತ್ತಿದ್ದರು. ಚಳಿಗಾಳಿ ಹೊಡೆಯುವ ಜನವರಿಯಲ್ಲಿ, ಮರೆಯೇ ಇಲ್ಲದ ಆ ಬಯಲಿನಲ್ಲಿ ಅಡ್ಡಡ್ಡ ಕೂತು ದಿನವಿಡೀ ಓಡಿಸುವುದು ಯಾರೂ ಅಸೂಯೆಪಡುವಂಥ ನೌಕರಿಯಾಗಿರಲಿಲ್ಲ.

ಆಲೂಗಡ್ಡೆಯನ್ನು ಬಿಟ್ಟು ಬೇರೇನನ್ನೂ ಸಾಗಿಸುತ್ತಿರಲಿಲ್ಲವೇ?

ಬಹಳಷ್ಟನ್ನು ಸಾಗಿಸುತ್ತಿತ್ತು. ಬಿತ್ತನೆಯ ಆಲೂಗಡ್ಡೆಯನ್ನು ನೇರವಾಗಿ ಹೊಲಕ್ಕೆ ಹಾಕುವುದಿಲ್ಲ. ಅಗಲವಾದ ಮರದ ತಟ್ಟೆಗಳಲ್ಲಿ ಒಂದೇ ಪದರವಾಗಿ ಜೋಡಿಸಿ, ಬೆಳಕು ಬೀಳುವ ಗಾಜಿನ ಮನೆಗಳಲ್ಲಿ ಇಟ್ಟು, ಗಿಡ್ಡನೆಯ ಗಟ್ಟಿ ಮೊಳಕೆ ಬಂದ ಮೇಲೆ ನಾಟಿ ಮಾಡುತ್ತಾರೆ. ಆ ಮೊಳಕೆಗಳು ಮುರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕುಲುಕಾಡುವ ಗಾಡಿಗಿಂತ ಹಳಿಯ ಮೇಲಿನ ಬಂಡಿ ಇದಕ್ಕೆ ಎಷ್ಟೋ ಮೇಲು. ಆದ್ದರಿಂದ ವಸಂತದಲ್ಲಿ ತಟ್ಟೆಗಳು ಕೆಳಗಿಳಿಯುತ್ತಿದ್ದವು, ಚಳಿಗಾಲದಲ್ಲಿ ಚೀಲಗಳು ಮೇಲೇರುತ್ತಿದ್ದವು.

ಇವಲ್ಲದೆ ಗೊಬ್ಬರ, ಹುಲ್ಲು, ದನ ಹಂದಿಗಳ ಮೇವು, ಸಕ್ಕರೆ ಬೀಟ್ ಗೆಡ್ಡೆ, ಕಲ್ಲಿದ್ದಲು ಎಲ್ಲವೂ ಅದೇ ಬಂಡಿಗಳಲ್ಲಿ ಹೋಗಿ ಬರುತ್ತಿದ್ದವು. ಫೆನ್ ಒಳಗಿನ ಒಂಟಿ ಮನೆಗಳಿಗೆ ಕುಡಿಯುವ ನೀರನ್ನೂ ಈ ರೈಲೇ ಒಯ್ಯುತ್ತಿತ್ತು. ಎಲ್ಲೆಲ್ಲೂ ನೀರನ್ನೇ ಬಸಿಯುವ ನೆಲದಲ್ಲಿ ಕುಡಿಯಲು ನೀರನ್ನು ಹೊರಗಿನಿಂದ ತರಬೇಕಾದ ವಿಚಿತ್ರ ಇದು. ಪೀಟ್ ನೆಲದ ಕಂದು ನೀರು ಬಾಯಿಗೆ ಹಾಕುವಂಥದ್ದಲ್ಲ.

ಜನ ಇದರಲ್ಲಿ ಪ್ರಯಾಣ ಮಾಡುತ್ತಿದ್ದರೇ?

ಟಿಕೆಟ್ಟು, ವೇಳಾಪಟ್ಟಿ, ನಿಲ್ದಾಣದ ಗಂಟೆ ಯಾವುದೂ ಇರಲಿಲ್ಲ. ಕೂಲಿಯವರು ಕೆಲಸಕ್ಕೆ ಹೋಗುವಾಗ ಖಾಲಿ ಬಂಡಿಯಲ್ಲಿ ಕೂತು ಹೋಗುವುದುಂಟು, ಎಸ್ಟೇಟಿನ ಅಧಿಕಾರಿಗಳು ಹೊಲ ನೋಡಲು ಹೋಗುವುದುಂಟು, ಅಷ್ಟೇ.

ಇಂಥ ರೈಲು ಹಾಕಲು ಸರ್ಕಾರದ ಅನುಮತಿ ಬೇಕಿರಲಿಲ್ಲವೇ?

ಸ್ವಂತ ಜಮೀನಿನಲ್ಲಿ, ಸ್ವಂತ ಸಾಮಾನು ಸಾಗಿಸಲು ಹಾಕಿಕೊಳ್ಳುವ ಸಾಲಿಗೆ ಬೇಕಿರಲಿಲ್ಲ. ಬ್ರಿಟನ್ನಿನಲ್ಲಿ 1896ರ ಲೈಟ್ ರೈಲ್ವೆ ಕಾಯ್ದೆ ಎಂಬುದೊಂದಿತ್ತು. ಹಳ್ಳಿಗಾಡಿಗೆ ಅಗ್ಗದ ರೈಲು ಬರಲೆಂದು, ಪ್ರತಿಯೊಂದಕ್ಕೂ ಪಾರ್ಲಿಮೆಂಟಿನ ಪ್ರತ್ಯೇಕ ಕಾಯ್ದೆ ಬೇಕಾಗದಂತೆ ಮಾಡಿದ ಏರ್ಪಾಡು ಅದು. ಆದರೆ ಅದು ಸಾರ್ವಜನಿಕ ಸಾಲುಗಳಿಗೆ ಸಂಬಂಧಪಟ್ಟದ್ದು. ನಾಕ್ಟನ್ನಿನಂಥ ಎಸ್ಟೇಟ್ ಸಾಲುಗಳನ್ನು ‘ಲೈಟ್ ರೈಲ್ವೆ’ ಎಂದು ಕರೆಯುವುದು ಹಳಿಯ ಹಗುರತನದಿಂದ, ಕಾನೂನಿನಿಂದಲ್ಲ. ಎಂಟು ಸಾವಿರ ಎಕರೆ ಒಬ್ಬನದೇ ಆಗಿದ್ದರೆ ಇಪ್ಪತ್ತು ಮೈಲಿ ರೈಲನ್ನು ಯಾರನ್ನೂ ಕೇಳದೆ ಹಾಕಬಹುದು. ಅದೇ ನೆಲ ಸಣ್ಣ ರೈತರ ನೂರಾರು ತುಂಡುಗಳಾಗಿದ್ದರೆ ಈ ರೈಲು ಹುಟ್ಟುತ್ತಲೇ ಇರಲಿಲ್ಲ ಎಂಬುದನ್ನು ಮರೆಯಬಾರದು.

ಚಿಪ್ಸ್ ಕಂಪನಿಯೊಂದು ಈ ರೈಲಿನ ಒಡೆಯನಾಗಿತ್ತೆಂದು ಹೇಳುತ್ತಾರಲ್ಲ?

ಹೌದು. 1936ರಲ್ಲಿ ಎಸ್ಟೇಟನ್ನು ಸ್ಮಿತ್ಸ್ ಪೊಟ್ಯಾಟೊ ಕ್ರಿಸ್ಪ್ಸ್ ಕಂಪನಿ ಕೊಂಡಿತು. ನಾವು ಚಿಪ್ಸ್ ಎನ್ನುವುದನ್ನು ಅಲ್ಲಿ ಕ್ರಿಸ್ಪ್ಸ್ ಎನ್ನುತ್ತಾರೆ. ಫ್ರಾಂಕ್ ಸ್ಮಿತ್ 1920ರಲ್ಲಿ ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ಆರಂಭಿಸಿದ ಈ ಕಂಪನಿ, ಪೊಟ್ಟಣದೊಳಗೆ ನೀಲಿ ಕಾಗದದಲ್ಲಿ ಉಪ್ಪನ್ನು ಮುರುಟಿ ಕಟ್ಟಿ ಕೊಡುತ್ತಿದ್ದುದಕ್ಕೆ ಹೆಸರಾಗಿತ್ತು. ಬೇಕಾದವರು ಬೇಕಾದಷ್ಟು ಉಪ್ಪು ಹಾಕಿ ಕುಲುಕಿಕೊಳ್ಳಬಹುದಿತ್ತು. ಪೇಟೆಯಲ್ಲಿ ಕೊಳ್ಳುವ ಆಲೂಗಡ್ಡೆಯನ್ನೇ ನಂಬಿಕೊಂಡಿರದೆ ತನ್ನದೇ ಹೊಲ ಇಟ್ಟುಕೊಂಡರೆ ಸರಕು ತಪ್ಪದೆ ಸಿಗುತ್ತದೆಂಬುದು ಕಂಪನಿಯ ಲೆಕ್ಕ. ಎರಡನೆಯ ಮಹಾಯುದ್ಧದ ಕಾಲದಲ್ಲೂ ಅದರ ನಂತರವೂ ರೈಲು ಈ ಕಂಪನಿಗಾಗಿ ದುಡಿಯಿತು. ಲಂಡನ್ನಿನ ಮದ್ಯದಂಗಡಿಯಲ್ಲಿ ಪೊಟ್ಟಣ ಒಡೆದು ನೀಲಿ ಕಾಗದ ಹುಡುಕುತ್ತಿದ್ದವನ ಆಲೂಗಡ್ಡೆ ಕಂದಕದ ಹಳಿಯ ಮೇಲೆ ಬಂದದ್ದಾಗಿರಬಹುದು.

ರೈಲು ಯಾಕೆ ನಿಂತಿತು?

ಕಾಂಕ್ರೀಟು ಬಂದದ್ದರಿಂದ. ಫೆನ್ ಒಳಗೆ ಕಾಂಕ್ರೀಟಿನ ರಸ್ತೆಗಳು ಹಾದ ಮೇಲೆ, ರಬ್ಬರ್ ಗಾಲಿಯ ಟ್ರ್ಯಾಕ್ಟರು ಟ್ರೇಲರುಗಳು, ಲಾರಿಗಳು ಗೋರಿಯ ಪಕ್ಕಕ್ಕೇ ಬರಲು ಸಾಧ್ಯವಾಯಿತು. ರೈಲಿನಲ್ಲಿ ಹೊಲದ ಬದುವಿನಲ್ಲಿ ಒಮ್ಮೆ ತುಂಬಿ, ನಿಲ್ದಾಣದಲ್ಲಿ ಇಳಿಸಿ, ದೊಡ್ಡ ರೈಲಿಗೆ ಮತ್ತೆ ತುಂಬಬೇಕು. ಲಾರಿಯಲ್ಲಿ ಒಮ್ಮೆ ತುಂಬಿದರೆ ಇಳಿಸುವುದು ಕಾರ್ಖಾನೆಯಲ್ಲೇ. ಮೂರು ಬಾರಿ ಮೈಮುರಿಯುವ ಕೆಲಸ ಒಂದಕ್ಕಿಳಿಯಿತು. ಗೋರಿ ಹಾಕುವ ಪದ್ಧತಿಯೂ ನಿಧಾನವಾಗಿ ಹೋಗಿ ಗಾಳಿ ಆಡುವ ದೊಡ್ಡ ದಾಸ್ತಾನು ಕಟ್ಟಡಗಳು ಬಂದವು. 1950ರ ದಶಕದಲ್ಲಿ ಕವಲುಗಳು ಒಂದೊಂದಾಗಿ ಹೋದವು. 1960ರ ಹೊತ್ತಿಗೆ ಜಾಲದ ಬಹುಭಾಗ ಎದ್ದುಹೋಗಿತ್ತು.

ಇದನ್ನು ದುರಂತವೆಂದು ಬರೆಯುವ ರೈಲುಪ್ರಿಯರಿದ್ದಾರೆ. ಅವರ ಪ್ರೀತಿಯನ್ನು ಗೌರವಿಸಿಯೂ ಹೇಳಬೇಕಾದದ್ದು: ಚೀಲ ಹೊತ್ತವರು ಯಾರೂ ಅತ್ತಿರಲಾರರು.

ಫೆನ್ ಪ್ರದೇಶದಲ್ಲಿ ಇಂಥ ರೈಲು ಇದೊಂದೇ ಇತ್ತೇ?

ಅಲ್ಲ. ಲಿಂಕನ್‌ಶೈರಿನ ದಕ್ಷಿಣದಲ್ಲಿ ಹತ್ತಾರು ರೈತರು ಚಿಕ್ಕ ಚಿಕ್ಕ ಆಲೂಗಡ್ಡೆ ಸಾಲುಗಳನ್ನು ಹಾಕಿಕೊಂಡಿದ್ದರು. ಅವುಗಳಲ್ಲಿ ಹೆಚ್ಚಿನವನ್ನು ಎಳೆಯುತ್ತಿದ್ದದ್ದು ಕುದುರೆಗಳು. ನಾಕ್ಟನ್ನಿನದು ಗಾತ್ರದಲ್ಲಿ ಅವನ್ನೆಲ್ಲ ಮೀರಿದ್ದು.

ಬೇರೆ ಬಗೆಯವೂ ಇದ್ದವು. ನಾರ್ಫೋಕ್ ಕೌಂಟಿಯ ವಿಸಿಂಗ್‌ಟನ್ ಸಾಲು ದೊಡ್ಡ ಹಳಿಯದು. 1905ರ ಸುಮಾರಿಗೆ ಕೀಬಲ್ ಎಂಬ ಜಮೀನುದಾರರು ತಮ್ಮ ಫೆನ್ ಹೊಲಗಳಿಗಾಗಿ ಹಾಕಿಸಿದ್ದು. 1925ರಲ್ಲಿ ಅಲ್ಲಿ ಸಕ್ಕರೆ ಬೀಟ್ ಕಾರ್ಖಾನೆ ಬಂದಾಗ ಅದಕ್ಕೆ ರಸ್ತೆಯೇ ಇರಲಿಲ್ಲ, ರೈಲು ಅಥವಾ ನದಿಯ ದೋಣಿಯೇ ಗತಿ. ಹೊಲಗಳ ಕಡೆಯ ಸಾಲು 1957ರಲ್ಲಿ ಮುಚ್ಚಿತು, ಕಾರ್ಖಾನೆ ಇನ್ನೂ ನಡೆಯುತ್ತಿದೆ. ವಿಸ್‌ಬೀಚ್‌ನಿಂದ ಅಪ್‌ವೆಲ್‌ಗೆ ಹೋಗುತ್ತಿದ್ದ, 1883 ಮತ್ತು 1884ರಲ್ಲಿ ಎರಡು ಹಂತಗಳಲ್ಲಿ ತೆರೆದ ಟ್ರಾಮ್ ಸಾಲು ರಸ್ತೆಯ ಪಕ್ಕದಲ್ಲೇ ಓಡುತ್ತಿತ್ತು. ಅದು 1927ರ ಕೊನೆಯವರೆಗೆ ಪ್ರಯಾಣಿಕರನ್ನೂ, 1966ರವರೆಗೆ ಹಣ್ಣು ತರಕಾರಿಗಳನ್ನೂ ಹೊತ್ತಿತು.

ಈಗ ಅಲ್ಲಿ ಏನು ಕಾಣುತ್ತದೆ? ಆ ಜಮೀನು ಯಾರ ಕೈಯಲ್ಲಿದೆ?

ಹಳಿ ನೆಲದ ಮೇಲೆಯೇ ಕೂತಿದ್ದರಿಂದ, ಏರಿ ಸೇತುವೆಗಳ ದೊಡ್ಡ ಕಟ್ಟೋಣ ಇರಲಿಲ್ಲವಾದ್ದರಿಂದ, ಕಿತ್ತ ಮೇಲೆ ನೇಗಿಲು ಹಾಯಿಸಿದರೆ ಗುರುತು ಅಳಿದುಹೋಗುತ್ತದೆ. ನೋಡಲು ಸಿಗುವುದು ಉದ್ದನೆಯ ಬಸಿಗಾಲುವೆಗಳು, ನೇರವಾದ ಹೊಲದ ದಾರಿಗಳು, ಮತ್ತು ಆಕಾಶ. ನಾಕ್ಟನ್ ಹಾಲ್ ಬಂಗಲೆಯ ಆವರಣ 1947ರಿಂದ 1983ರವರೆಗೆ ಬ್ರಿಟಿಷ್ ವಾಯುಪಡೆಯ ಆಸ್ಪತ್ರೆಯಾಗಿತ್ತು. ಬಂಗಲೆ 2004ರಲ್ಲಿ ಮತ್ತೆ ಬೆಂಕಿಗೆ ಸಿಕ್ಕಿ ಪಾಳು ಬಿದ್ದಿತು.

2010ರಲ್ಲಿ ಇಲ್ಲಿ 8,100 ಹಸುಗಳ ಒಂದೇ ಡೈರಿ ಕಟ್ಟುವ ಪ್ರಸ್ತಾಪ ಬಂದು ದೇಶದಾದ್ಯಂತ ಗದ್ದಲವಾಯಿತು. ಸಂಖ್ಯೆಯನ್ನು 3,770ಕ್ಕೆ ಇಳಿಸಿದರೂ ಅಂತರ್ಜಲ ಕೆಡುತ್ತದೆಂಬ ಆಕ್ಷೇಪ ನಿಲ್ಲದೆ, 2011ರಲ್ಲಿ ಅದನ್ನು ಹಿಂತೆಗೆದುಕೊಂಡರು. ಇಂದು ನಾಕ್ಟನ್ನಿನ ಹೊಲಗಳು ವ್ಯಾಕ್ಯೂಮ್ ಕ್ಲೀನರಿನಿಂದ ಹೆಸರಾದ ಜೇಮ್ಸ್ ಡೈಸನ್ ಅವರ ಕೃಷಿ ಕಂಪನಿಯ ಕೈಯಲ್ಲಿವೆ. ವೈಸರಾಯ್, ಮಗ್ಗದವರು, ಆಲೂಗಡ್ಡೆ ರಾಜನ ಮನೆಯವರು, ಚಿಪ್ಸ್‌ನವರು, ವ್ಯಾಕ್ಯೂಮ್ ಕ್ಲೀನರಿನವರು: ಒಡೆಯರು ಬದಲಾಗಿದ್ದಾರೆ, ಜಮೀನು ಮಾತ್ರ ಸಣ್ಣವರ ಪಾಲಿಗೆ ಒಡೆದು ಹಂಚಿಹೋಗಿಲ್ಲ.

ಆ ಎಂಜಿನ್ ಬಂಡಿಗಳನ್ನು ಎಲ್ಲಾದರೂ ನೋಡಬಹುದೇ?

ನೋಡಬಹುದು, ಹತ್ತಿ ಕೂರಲೂ ಬಹುದು. ನಾಕ್ಟನ್ನಿನ ಹಳಿ ಏಳುತ್ತಿದ್ದಾಗ ರೈಲುಪ್ರಿಯರ ಒಂದು ಗುಂಪು ಎಂಜಿನ್, ಬಂಡಿ, ಹಳಿಗಳನ್ನು ಕೊಂಡು, ಕ್ಲೀಥಾರ್ಪ್ಸ್ ಪಕ್ಕದ ಹಂಬರ್‌ಸ್ಟನ್ ಎಂಬಲ್ಲಿ ಸಮುದ್ರ ತೀರಕ್ಕೆ ಹೋಗುವ ಪ್ರವಾಸಿಗರಿಗಾಗಿ ಲಿಂಕನ್‌ಶೈರ್ ಕೋಸ್ಟ್ ಲೈಟ್ ರೈಲ್ವೆಯನ್ನು ಹಾಕಿತು. ಅದು 1960ರ ಆಗಸ್ಟ್ 27ರಂದು ಆರಂಭವಾಯಿತು. ಹಳೆಯ ಸಾಲನ್ನು ಉಳಿಸಿಕೊಳ್ಳುವ ಬದಲು ಖಾಲಿ ನೆಲದಲ್ಲಿ ಹವ್ಯಾಸಿಗಳೇ ಹೊಸದಾಗಿ ಕಟ್ಟಿದ ಪಾರಂಪರಿಕ ರೈಲುಗಳಲ್ಲಿ ಇದೇ ಮೊದಲನೆಯದೆಂದು ಹೇಳಲಾಗುತ್ತದೆ. 1985ರಲ್ಲಿ ಅದು ಮುಚ್ಚಿತು. ಸಾಮಾನೆಲ್ಲ ಸ್ಕೆಗ್‌ನೆಸ್ ಊರಿನ ವಾಟರ್ ಲೀಷರ್ ಪಾರ್ಕಿಗೆ ಬಂದು 2009ರಲ್ಲಿ ಮತ್ತೆ ಓಡತೊಡಗಿತು. 1920ರಲ್ಲಿ ತಯಾರಾದ, ‘ನಾಕ್ಟನ್’ ಎಂದೇ ಹೆಸರಿಟ್ಟಿರುವ ಸಿಂಪ್ಲೆಕ್ಸ್ ಎಂಜಿನ್ ಅಲ್ಲಿದೆ. ಕಂದಕಗಳ ಕಾಲದ ಬಂಡಿಗಳೂ ಇವೆ. ಅದು ಬೇಸಿಗೆಯಲ್ಲಿ ಆಯ್ದ ದಿನಗಳಲ್ಲಿ ಮಾತ್ರ ಓಡುವುದರಿಂದ ಮೊದಲೇ ದಿನ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ವಾಸ್ಪ್ಸ್ ನೆಸ್ಟ್‌ಗೇ ಹೋಗಬೇಕೆಂದರೆ?

ಲಿಂಕನ್‌ನಿಂದ ಸ್ಲೀಫರ್ಡ್ ಕಡೆಗೆ ಹೋಗುವ ರೈಲು ಹತ್ತಿ ಮೆದರಿಂಗ್‌ಹ್ಯಾಮ್‌ನಲ್ಲಿ ಇಳಿಯಬೇಕು. 1882ರ ಅದೇ ದೊಡ್ಡ ಮಾರ್ಗ ಇದು. ನಾಕ್ಟನ್ನಿನ ನಿಲ್ದಾಣ ಹೋಯಿತು, ಮುಚ್ಚಿದ್ದ ಮೆದರಿಂಗ್‌ಹ್ಯಾಮ್ ಮಾತ್ರ 1975ರಲ್ಲಿ ಮತ್ತೆ ತೆರೆಯಿತು. ಅಲ್ಲಿಂದ ಮುಂದೆ ಬಾಡಿಗೆ ಕಾರು ಅಥವಾ ಸೈಕಲ್. ಚಳಿಗಾಲದಲ್ಲಿ ಹೋದರೆ ಟಾರು ರಸ್ತೆಯಿಂದ ಹತ್ತು ಹೆಜ್ಜೆ ಹೊಲದೊಳಕ್ಕೆ ಇಟ್ಟು ನೋಡಿ. ಅಂಚಿನಲ್ಲಿ ಕಾಲಿಟ್ಟ ಕೂಡಲೇ ಬೂಟು ಒಳಗಿಳಿಯುತ್ತದೆ. ಬೆಳೆ ಇದ್ದರೆ ಮಾತ್ರ ಬದುವಿನಲ್ಲೇ ನಿಲ್ಲಬೇಕು, ಏಕೆಂದರೆ ಅದು ಇನ್ನೊಬ್ಬರ ಹೊಲ.